ಹೊತ್ತು ತರೋದಿಲ್ಲ, ಎಳೆದು ತರ್ತೇವೆ

ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಅಪಾರ್ಟ್‌ಮೆಂಟ್‌ಗಳಿಗೆ ಡೆಮೊ ತೋರಿಸೋಕೆ ಹೋದಲ್ಲಿ, ನನ್ನ ಕೆಲಸ ಏನು ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಒಂದೇ. ನಮ್ಮ ದೊಡ್ಡಪ್ಪ ಕೇಳಿದ ಮಾತಲ್ಲೇ ಹೇಳುತ್ತೇನೆ: "ಅಲ್ಲಮ್ಮಾ, ಎಂಬತ್ತು ಕೆಜಿ ಗಂಡಸು ಹೊಗೆಯಲ್ಲಿ ಬಿದ್ದಿದ್ರೆ ನೀನು ಹೊತ್ಕೊಂಡು ಬರೋಕೆ ಆಗುತ್ತಾ?"

ನಾನು ವಿಮಾನ ನಿಲ್ದಾಣವೊಂದರ ಫೈರ್ ಸ್ಟೇಷನ್ನಿನಲ್ಲಿದ್ದೇನೆ. ನನ್ನ ಉತ್ತರ: ಹೊತ್ತುಕೊಂಡು ಬರೋದಿಲ್ಲ ದೊಡ್ಡಪ್ಪ. ನನ್ನ ಜೊತೆ ಡ್ಯೂಟಿ ಮಾಡುವ ಆರಡಿ ಹುಡುಗನೂ ಹೊರೋದಿಲ್ಲ.

ಉರಿಯುವ ಕೋಣೆಯಲ್ಲಿ ಹೊಗೆ ಮೇಲೇರಿ ಸೂರಿಗೆ ಅಂಟಿಕೊಳ್ಳುತ್ತದೆ. ಅಲ್ಲಿ ಶಾಖ 500 ಡಿಗ್ರಿ ದಾಟಬಹುದು. ಸ್ವಲ್ಪ ತಂಪು, ಸ್ವಲ್ಪ ಉಸಿರಾಡುವ ಗಾಳಿ ಉಳಿದಿದ್ದರೆ ಅದು ನೆಲದ ಹತ್ತಿರ. ಬಿದ್ದವರನ್ನು ಹೆಗಲ ಮೇಲೆ ಹಾಕಿಕೊಂಡು ಎದ್ದು ನಿಂತರೆ ಅವರ ಮುಖವನ್ನು ನಾವೇ ಆ ಹೊಗೆಯೊಳಗೆ ಎತ್ತಿ ಹಿಡಿದ ಹಾಗೆ. ಅದಕ್ಕೇ ನಾವು ಮಂಡಿಯೂರಿ ಹೋಗುತ್ತೇವೆ. ಬಿದ್ದವರನ್ನು ನೆಲದ ಮೇಲೇ ಎಳೆದು ತರುತ್ತೇವೆ.

ಇದು ನನಗೂ ಮೊದಲು ಗೊತ್ತಿರಲಿಲ್ಲ. ಟ್ರೈನಿಂಗ್‌ನಲ್ಲಿ ಡಮ್ಮಿ, ಅಂದರೆ ಆಳಿನ ಆಕಾರದ ಭಾರದ ಬೊಂಬೆ, ಕೊಟ್ಟಾಗ ಸೊಂಟ ಹಿಡಿದು ಎತ್ತಲು ಹೋದೆ. ಎರಡು ಹೆಜ್ಜೆಗೆ ಕುಸಿದು ಕೂತೆ. ನಮ್ಮ ಇನ್‌ಸ್ಟ್ರಕ್ಟರ್ ಹತ್ತಿರ ಬಂದು, "ಎತ್ತಬೇಡ, ಎಳಿ. ತೋಳಿಂದ ಅಲ್ಲ, ಕಾಲಿಂದ" ಅಂದರು. ಡಮ್ಮಿಯ ಹಿಂದೆ ಕೂತು, ಕಂಕುಳ ಕೆಳಗೆ ಕೈ ತೂರಿಸಿ, ನನ್ನ ಮೈಭಾರವನ್ನೆಲ್ಲ ಹಿಂದಕ್ಕೆ ಬಿಟ್ಟೆ. ಡಮ್ಮಿ ಜರುಗಿತು! ಆ ಸಂಜೆ ಅದನ್ನು ಬಾಗಿಲವರೆಗೆ ಹನ್ನೊಂದು ಸಲ ಎಳೆದೆ.

ತಾಕತ್ತು ಬೇಡ ಅಂತ ನಾನು ಹೇಳುತ್ತಿಲ್ಲ. ಖಂಡಿತ ಬೇಕು. ಬೆನ್ನಿಗೆ ಹಾಕುವ ಬಿಎ ಸೆಟ್, ಅಂದರೆ ಉಸಿರಾಡುವ ಗಾಳಿಯ ಸಿಲಿಂಡರ್ ಮತ್ತು ಮಾಸ್ಕ್, ಹತ್ತು ಕೆಜಿಗೂ ಜಾಸ್ತಿ ತೂಗುತ್ತದೆ. 15 ಮೀಟರ್‌ನ ಒಂದು ದೊಡ್ಡ ಹೋಸ್‌ನಲ್ಲಿ ನೀರು ತುಂಬಿದರೆ ಆ ನೀರೇ 45 ಕೆಜಿ ದಾಟುತ್ತದೆ. ಅದಕ್ಕೇ ಹೋಸ್ ಹಿಡಿಯೋಕೆ ಯಾವತ್ತೂ ಒಬ್ಬರನ್ನೇ ಬಿಡೋದಿಲ್ಲ. ಮುಂದೆ ಬ್ರಾಂಚ್, ಅಂದರೆ ನೀರು ಚಿಮ್ಮುವ ಹೋಸ್‌ನ ಮೂತಿ, ಹಿಡಿದವರ ಬೆನ್ನಿಗೆ ಇನ್ನೊಬ್ಬರು ಒತ್ತಿ ನಿಂತಿರಬೇಕು, ಇಲ್ಲದಿದ್ದರೆ ನೀರಿನ ಒತ್ತಡ ಎಂಥವರನ್ನೂ ಹಿಂದಕ್ಕೆ ತಳ್ಳುತ್ತದೆ. ಒಳಗೆ ಹೋಗುವುದೂ ಜೋಡಿಯಾಗಿಯೇ. ಗಾಬರಿಯಾದವರ ಉಸಿರು ಜೋರಾಗುತ್ತದೆ, ಸಿಲಿಂಡರ್ ಬೇಗ ಖಾಲಿಯಾಗುತ್ತದೆ. ಗಂಡಸು ಹೆಂಗಸು ಅಂತ ಸಿಲಿಂಡರ್ ನೋಡೋದಿಲ್ಲ.

ನಮ್ಮಲ್ಲಿ ಇನ್ನೊಂದು ಅವಸರ ಇದೆ. ರನ್‌ವೇಯ ಯಾವ ಕೊನೆಯಲ್ಲಿ ಅಪಘಾತವಾದರೂ ಮೂರು ನಿಮಿಷದೊಳಗೆ ಅಲ್ಲಿರಬೇಕು. ಸಾವಿರಾರು ಲೀಟರ್ ನೀರು ಹೊತ್ತ ಕ್ರ್ಯಾಶ್ ಫೈರ್ ಟೆಂಡರ್ ಓಡಿಸುವಾಗ ಬೇಕಾದದ್ದು ನೆಟ್ಟ ಕಣ್ಣು, ನಡುಗದ ಕೈ. ನೊರೆ ಹಾಯಿಸುವ ಮಾನಿಟರ್, ಅಂದರೆ ಗಾಡಿಯ ಮೇಲಿನ ಫಿರಂಗಿಯಂಥ ಕೊಳವೆ, ಒಂದು ಪುಟ್ಟ ಹಿಡಿಕೆಯಲ್ಲಿ ತಿರುಗುತ್ತದೆ.

ನಿಜವಾಗಿ ನನ್ನನ್ನು ಕಾಡಿದ್ದು ಯಾರೂ ಕೇಳದ ಇನ್ನೊಂದು ವಿಷಯ: ಗ್ಲೌಸ್. ಮೊದಲ ವರ್ಷ ನನಗೆ ಸಿಕ್ಕಿದ್ದು ಗಂಡಸರ ಅಳತೆಯದು. ಬೆರಳ ತುದಿಯಲ್ಲಿ ಒಂದಿಂಚು ಖಾಲಿ. ಕತ್ತಲಲ್ಲಿ ಬಾಗಿಲ ಚಿಲಕ ತಡವಿದರೆ ಚಿಲಕವೋ ಮೊಳೆಯೋ ಗೊತ್ತಾಗುತ್ತಿರಲಿಲ್ಲ. ಬೂಟಿಗೆ ಎರಡು ಜೊತೆ ಸಾಕ್ಸ್. ಸರಿಯಾದ ಅಳತೆಯದು ಬರೋಕೆ ಹದಿನಾಲ್ಕು ತಿಂಗಳು ಹಿಡಿಯಿತು. ಕೆಲಸಕ್ಕೆ ಹುಡುಗಿಯರನ್ನು ಕರೆದ ಮೇಲೆ ಅವರ ಕೈಯಳತೆಯ ಗ್ಲೌಸ್ ಮೊದಲೇ ತರಿಸಿಡಬೇಕು ಅಲ್ವಾ? ನನ್ನ ಕೋಪ ಅದರ ಮೇಲೆ, ಈಗಲೂ.

ನನಗಿಂತ ಮುಂಚೆ ಬಂದವರು ಇದಕ್ಕಿಂತ ಜಾಸ್ತಿ ನುಂಗಿಕೊಂಡಿರಬೇಕು. ನಾಗಪುರದ ನ್ಯಾಷನಲ್ ಫೈರ್ ಸರ್ವೀಸ್ ಕಾಲೇಜು ಶುರುವಾದದ್ದು 1956ರಲ್ಲಿ. ಅಲ್ಲಿಗೆ ಮೊದಲ ವಿದ್ಯಾರ್ಥಿನಿಯಾಗಿ ಹರ್ಷಿಣಿ ಕಾನ್ಹೇಕರ್ ಕಾಲಿಟ್ಟದ್ದು 2002ರಲ್ಲಿ. ಆಮೇಲೆ ಅವರು ಒಎನ್‌ಜಿಸಿಯಲ್ಲಿ ಫೈರ್ ಇಂಜಿನಿಯರ್ ಆದರು. 2003ರಲ್ಲಿ ತಮಿಳುನಾಡಿನ ಅಗ್ನಿಶಾಮಕ ಇಲಾಖೆಗೆ ಅಧಿಕಾರಿಯಾಗಿ ಸೇರಿದವರಲ್ಲಿ ಪ್ರಿಯಾ ರವಿಚಂದ್ರನ್ ಒಬ್ಬರು. 2012ರ ಜನವರಿಯಲ್ಲಿ ಚೆನ್ನೈನ ಎಳಿಲಗಂ ಕಟ್ಟಡ ಹೊತ್ತಿ ಉರಿದಾಗ ಅವರು ಒಳಗಿದ್ದರು. ಒಬ್ಬ ಸಹೋದ್ಯೋಗಿ ತೀರಿಕೊಂಡರು, ಇವರಿಗೆ ಮೈ ಸುಟ್ಟಿತು. ವಾಸಿಯಾದ ಮೇಲೆ ಮತ್ತೆ ಡ್ಯೂಟಿಗೆ ಬಂದರು. ಆ ಸುದ್ದಿ ಓದಿದಾಗ ನಾನು ಕಾಲೇಜಿನಲ್ಲಿದ್ದೆ. "ಮತ್ತೆ ಡ್ಯೂಟಿಗೆ" ಅನ್ನುವ ಮಾತೇ ನನ್ನನ್ನು ಈ ಕಡೆಗೆ ತಂದದ್ದು.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಅಮ್ಮನೂ ಅದೇ ಪ್ರಶ್ನೆ ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಹಳೇ ಬೆಡ್‌ಶೀಟ್ ಒಂದನ್ನು ಹಜಾರದಲ್ಲಿ ಹಾಸಿ, ಎಪ್ಪತ್ತೆರಡು ಕೆಜಿಯ ತಮ್ಮನನ್ನು ಅದರ ಮೇಲೆ ಮಲಗಿಸಿದೆ. ತಲೆಯ ಕಡೆಯ ಎರಡು ಅಂಚು ಸುರುಳಿ ಸುತ್ತಿ ಅಮ್ಮನ ಕೈಗೆ ಕೊಟ್ಟೆ. "ತಲೆ ಸ್ವಲ್ಪವೇ ಎತ್ತು, ಹಿಂದಕ್ಕೆ ನಡಿ, ಬೆನ್ನು ಬಗ್ಗಿಸಬೇಡ" ಅಂದೆ.

ಅಮ್ಮನಿಗೆ ಐವತ್ತೆಂಟು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೊದಲ ಎಳೆತಕ್ಕೆ ಬೆಡ್‌ಶೀಟ್ ಕದಲಲಿಲ್ಲ. ಎರಡನೆಯದಕ್ಕೆ ಕದಲಿತು. ಆಮೇಲೆ ರೆಡ್ ಆಕ್ಸೈಡ್ ನೆಲದ ಮೇಲೆ ಸರಸರ ಜಾರುತ್ತಾ ಬಂತು. ಹೊಸ್ತಿಲಲ್ಲಿ ನಿಂತು ಏದುಸಿರು ಬಿಡುತ್ತಾ ಅಮ್ಮ ಕೇಳಿದಳು: "ಹೊಸ್ತಿಲು ದಾಟಿಸೋದು ಹೇಗೆ ಕಣೇ?"

ಅದನ್ನೂ ತೋರಿಸಿಕೊಟ್ಟೆ.