ಎಕ್ಸ್‌ಟರ್ನಲ್ ಅಂತ ಒಂದು ಸಾಲು

ಮಾರ್ಚ್ 14, 2025, ಶುಕ್ರವಾರ

ನಾನು ಬರೆಯುತ್ತಿರುವ ಪುಟ್ಟ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆಯ ಕಂಪೈಲರ್ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ಇವತ್ತು ಮೊದಲ ಸಲ ಸಿ ಭಾಷೆಯ ಫಂಕ್ಷನ್ ಒಂದನ್ನು ಕರೆಯಿತು. 1.0ರ ಸೈನ್ (ತ್ರಿಕೋನಮಿತಿಯದು) ಕೇಳಿದೆ, 0.84147 ಬಂತು. ಖುಷಿಯಾಯ್ತು. ಆದ್ರೆ ಇದು ಸುಲಭದ ಕೆಲಸ. ಎಕ್ಸ್‌86-64 ಲಿನಕ್ಸ್‌ನಲ್ಲಿ ಡಬಲ್ (ದಶಮಾಂಶ ಸಂಖ್ಯೆ) ಒಂದನ್ನು ಎಕ್ಸ್‌ಎಂಎಂ0 ರಿಜಿಸ್ಟರ್‌ಗೆ (ಪ್ರೊಸೆಸರ್ ಒಳಗಿನ ಪುಟ್ಟ ಜಾಗ) ಹಾಕಬೇಕು, ಕಾಲ್ ಮಾಡಬೇಕು, ಉತ್ತರವನ್ನು ಅಲ್ಲಿಂದಲೇ ತಗೋಬೇಕು. ಭಾಷೆ ಬಳಸುವವರಿಗೆ ಕಾಣುವುದು ಒಂದೇ ಸಾಲು: ಎಕ್ಸ್‌ಟರ್ನಲ್, ಫಂಕ್ಷನ್ ಹೆಸರು, ಅದರ ಟೈಪ್ (ಯಾವ ಬಗೆಯ ಬೆಲೆ ತಗೊಂಡು ಯಾವ ಬಗೆಯದನ್ನು ಕೊಡುತ್ತದೆ ಅನ್ನುವುದು). ಒಕ್ಯಾಮಲ್ ಅನ್ನೋ ಫಂಕ್ಷನಲ್ ಭಾಷೆಯಿಂದ ಎತ್ತಿಕೊಂಡ ರೂಪ.

ತಲೆಬಿಸಿ ಇರುವುದು ಆ ಟೈಪ್‌ನಲ್ಲೇ. ಉಳಿದ ಕಡೆಯೆಲ್ಲ ಟೈಪನ್ನು ಕಂಪೈಲರ್ ತಾನೇ ಕಂಡುಹಿಡಿಯುತ್ತದೆ, ತಾಳೆಯಾಗದಿದ್ದರೆ ಜಗಳ ತೆಗೆಯುತ್ತದೆ. ಈ ಒಂದು ಸಾಲಿನಲ್ಲಿ ಮಾತ್ರ ನಾವು ಹೇಳಿದ್ದೇ ವೇದವಾಕ್ಯ. ಕೋಡ್ ತುಂಡುಗಳನ್ನು ಜೋಡಿಸುವ ಲಿಂಕರ್‌ಗೆ ಹೆಸರು ಸಿಕ್ಕರೆ ಸಾಕು, ಟೈಪ್ ಗೊಡವೆ ಅದಕ್ಕಿಲ್ಲ. ಸೈನ್ ಇಂಟ್ (ಪೂರ್ಣಾಂಕ) ತಗೊಳ್ಳುತ್ತದೆ ಅಂತ ಬರೆದರೂ ಬಿಲ್ಡ್ ಆಗುತ್ತದೆ. ಓಡಿಸಿದಾಗ ಎಕ್ಸ್‌ಎಂಎಂ0ಯಲ್ಲಿ ಆ ಹೊತ್ತಿಗೆ ಏನು ಬಿದ್ದಿತ್ತೋ ಅದರ ಸೈನ್ ಸಿಗುತ್ತದೆ, ಒಂದು ಎಚ್ಚರಿಕೆಯೂ ಇಲ್ಲದೆ.

ಇಂಟ್‌ಗಳದ್ದು ಇನ್ನೊಂದು ಕಥೆ. ನನ್ನ ರನ್‌ಟೈಮ್ (ಪ್ರೋಗ್ರಾಂ ಓಡುವಾಗ ಜೊತೆಗಿರುವ ಕೋಡ್) ಕೂಡ ಒಕ್ಯಾಮಲ್ ಥರವೇ ಪ್ರತಿ ಸಂಖ್ಯೆಯನ್ನು ಎರಡರಿಂದ ಗುಣಿಸಿ, ಒಂದು ಕೂಡಿಸಿ ಇಡುತ್ತದೆ. ಕೊನೆಯ ಬಿಟ್ 1 ಇದ್ದರೆ ಅದು ಸಂಖ್ಯೆ, 0 ಇದ್ದರೆ ಪಾಯಿಂಟರ್ (ಮೆಮೊರಿ ವಿಳಾಸ) ಅಂತ, ಬೇಡವಾದ ಮೆಮೊರಿಯನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್‌ಗೆ ಗೊತ್ತಾಗಲಿ ಅಂತ. ಅದಕ್ಕೇ 64 ಬಿಟ್‌ಗಳಲ್ಲಿ ಲೆಕ್ಕಕ್ಕೆ ಉಳಿಯುವುದು 63. ಸಿ ಕಡೆಗೆ ಹೋಗುವಾಗ ಇದನ್ನು ಬಿಚ್ಚಬೇಕು, ಬರುವಾಗ ಮತ್ತೆ ಕಟ್ಟಬೇಕು. ಬಿಚ್ಚದೆ ಹಾಗೇ ಕಳಿಸಿದರೆ ಏನಾಗುತ್ತದೆ ಅಂತ ನೋಡೋಣ ಅಂತ ಬೇಕೆಂದೇ ಲ್ಯಾಬ್ಸ್‌ಗೆ (ಋಣ ಚಿಹ್ನೆ ತೆಗೆಯುವ ಸಿ ಫಂಕ್ಷನ್) -5 ಕೊಟ್ಟೆ. ಒಳಗೆ ಅದು -9. ಸಿ ಅದನ್ನು 9 ಮಾಡಿ ವಾಪಸ್ ಕೊಟ್ಟಿತು. ನನ್ನ ಭಾಷೆ 9 ಅನ್ನು 4 ಅಂತ ಓದಿತು. ಕ್ರ್ಯಾಶ್ ಇಲ್ಲ, ಏನಿಲ್ಲ, -5ರ ಧನಾತ್ಮಕ ಬೆಲೆ 4! ಇಂಥ ತಪ್ಪಿಗಿಂತ ಸೆಗ್‌ಫಾಲ್ಟ್ ಆಗಿ ಪ್ರೋಗ್ರಾಂ ಸಾಯುವುದು ಎಷ್ಟೋ ವಾಸಿ ಅಲ್ವಾ?

ಸ್ಟ್ಯಾಕ್ ವಿಷಯ ಚಿಕ್ಕದು. ಕಾಲ್ ಮಾಡುವ ಕ್ಷಣಕ್ಕೆ ಸ್ಟ್ಯಾಕ್ ಪಾಯಿಂಟರ್ (ಫಂಕ್ಷನ್‌ಗಳ ತಾತ್ಕಾಲಿಕ ಮೆಮೊರಿಯ ತುದಿಯ ವಿಳಾಸ) 16ರ ಅಪವರ್ತ್ಯವಾಗಿರಬೇಕು. ಇಲ್ಲದಿದ್ದರೂ ಎಷ್ಟೋ ಸಿ ಫಂಕ್ಷನ್‌ಗಳು ಸುಮ್ನೆ ನಡೆದುಬಿಡುತ್ತವೆ, ಮುಂದೊಂದು ದಿನ ಅದನ್ನು ಬೇಡುವ ಯಾವುದೋ ಮೂವ್ಎಪಿಎಸ್ ಯಂತ್ರಸೂಚನೆಯ ಮೇಲೆ ಸಾಯುತ್ತವೆ.

ದಿನದ ಜಾಸ್ತಿ ಹೊತ್ತು ಹೋಗಿದ್ದು ಮೆಮೊರಿಗೆ. ನನ್ನ ಕಲೆಕ್ಟರ್ ವಸ್ತುಗಳನ್ನು ಜಾಗ ಬದಲಿಸುತ್ತದೆ: ಬದುಕಿರುವುದನ್ನು ಹೊಸ ಕಡೆಗೆ ನಕಲು ಮಾಡಿ, ಹಳೆಯ ಜಾಗವನ್ನು ಪೂರ್ತಿ ಖಾಲಿ ಮಾಡುತ್ತದೆ. ನನ್ನ ಭಾಷೆಯ ಕೋಡ್‌ಗೆ ಇದು ತಿಳಿಯುವುದೇ ಇಲ್ಲ, ಯಾಕಂದ್ರೆ ಪಾಯಿಂಟರ್‌ಗಳು ಎಲ್ಲೆಲ್ಲಿವೆ ಅಂತ ಕಂಪೈಲರ್ ಪಟ್ಟಿ ಕೊಟ್ಟಿರುತ್ತದೆ. ಸಿ ಕೋಡ್‌ಗೆ ಅಂಥ ಪಟ್ಟಿ ಇಲ್ಲ. ಎರಡು ಸ್ಟ್ರಿಂಗ್ (ಅಕ್ಷರಗಳ ಸಾಲು) ಜೋಡಿಸುವ ಫಂಕ್ಷನನ್ನು ಸಿಯಲ್ಲಿ ಬರೆದೆ ಅಂದ್ಕೊಳ್ಳಿ. ಎರಡೂ ಸ್ಟ್ರಿಂಗ್‌ಗಳ ವಿಳಾಸ ಕೈಯಲ್ಲಿದೆ. ಉತ್ತರಕ್ಕೆ ಹೊಸ ಜಾಗ ಕೇಳುತ್ತೀನಿ. ಹೀಪ್ (ವಸ್ತುಗಳಿರುವ ಮೆಮೊರಿ) ತುಂಬಿದೆ, ಕಲೆಕ್ಟರ್ ಓಡುತ್ತದೆ, ಎರಡೂ ಸ್ಟ್ರಿಂಗ್ ಬೇರೆ ಕಡೆಗೆ ಹೋಗುತ್ತವೆ. ಸಿ ಮಾತ್ರ ಹಳೇ ವಿಳಾಸದಿಂದಲೇ ಅಕ್ಷರಗಳನ್ನು ನಕಲು ಮಾಡುತ್ತಿರುತ್ತದೆ. ಒಕ್ಯಾಮಲ್‌ನಲ್ಲಿ ಸಿ ಬರೆಯುವವರು ಕ್ಯಾಮ್ಲ್‌ಪ್ಯಾರಮ್, ಕ್ಯಾಮ್ಲ್‌ಲೋಕಲ್, ಕ್ಯಾಮ್ಲ್‌ರಿಟರ್ನ್ ಅಂತ ಮ್ಯಾಕ್ರೋಗಳನ್ನು (ಕಂಪೈಲ್‌ಗೆ ಮುಂಚೆಯೇ ಕೋಡ್ ಆಗಿ ಬಿಚ್ಚಿಕೊಳ್ಳುವ ಹೆಸರುಗಳು) ಎಲ್ಲ ಕಡೆ ಹಚ್ಚುವುದು ಇದಕ್ಕೇ. ಆ ವೇರಿಯಬಲ್‌ಗಳ ವಿಳಾಸ ಕಲೆಕ್ಟರ್‌ಗೆ ತಿಳಿಯುತ್ತದೆ, ವಸ್ತು ಸರಿದಾಗ ಅವನ್ನೂ ತಿದ್ದುತ್ತದೆ. ನೋಡೋಕೆ ಚೆನ್ನಾಗಿಲ್ಲ. ನಾನೂ ಅದನ್ನೇ ಮಾಡಿದೆ.

ಇಂಥ ಬಗ್ ಸಣ್ಣ ಟೆಸ್ಟ್‌ನಲ್ಲಿ ಸಿಗುವುದೇ ಇಲ್ಲ. ಒಕ್ಯಾಮಲ್‌ನ ಮೈನರ್ ಹೀಪ್ (ಹೊಸ ವಸ್ತುಗಳು ಹುಟ್ಟುವ ಜಾಗ) 64 ಬಿಟ್ ಯಂತ್ರದಲ್ಲಿ ಸುಮ್ಮನೆ ಬಿಟ್ಟರೆ 2 ಎಂಬಿ ಇರುತ್ತದೆ. ಪುಟ್ಟ ಟೆಸ್ಟ್ ಅದನ್ನು ತುಂಬಿಸುವ ಮೊದಲೇ ಮುಗಿದಿರುತ್ತದೆ. ಹಾಗಾಗಿ ನನ್ನ ರನ್‌ಟೈಮ್‌ಗೆ ಒಂದು ಕ್ರೂರ ಮೋಡ್ ಹಾಕಿದೆ: ಪ್ರತಿ ಸಲ ಜಾಗ ಕೇಳಿದಾಗಲೂ ಕಲೆಕ್ಟರ್ ಓಡಬೇಕು, ಬಿಟ್ಟ ಜಾಗಕ್ಕೆಲ್ಲ ಕಸ ತುಂಬಬೇಕು. ಪ್ರೋಗ್ರಾಂ ಆಮೆಯ ಹಾಗೆ ತೆವಳುತ್ತದೆ, ಆದರೆ ಹಳೇ ವಿಳಾಸ ಹಿಡಿದ ಸಿ ಕೋಡ್ ಮೊದಲ ಓಟದಲ್ಲೇ ಸಿಕ್ಕಿಬೀಳುತ್ತದೆ.

ಇಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಹೀಪ್‌ನ ಮುಂದಿನ ಖಾಲಿ ಜಾಗದ ವಿಳಾಸವನ್ನು ನಾನು ಆರ್15 ರಿಜಿಸ್ಟರ್‌ನಲ್ಲಿ ಇಡುತ್ತೇನೆ. ನಿಯಮದ ಪ್ರಕಾರ ಸಿ ಫಂಕ್ಷನ್ ಆ ರಿಜಿಸ್ಟರನ್ನು ಇದ್ದ ಹಾಗೇ ವಾಪಸ್ ಕೊಡಬೇಕು. ಒಳ್ಳೆಯದೇ ಅನ್ನಿಸುತ್ತದೆ, ಆದರೆ ತೊಂದರೆ ಶುರುವಾಗುವುದೇ ಆ ಒಳ್ಳೆಯತನದಿಂದ. ಸಿ ಒಳಗೆ ಹೊಸ ಸ್ಟ್ರಿಂಗ್ ಹುಟ್ಟಿತು, ಖಾಲಿ ಜಾಗ ಮುಂದಕ್ಕೆ ಹೋಯಿತು, ಆದ್ರೆ ವಾಪಸ್ ಬಂದ ಆರ್15ರಲ್ಲಿ ಹಳೇ ವಿಳಾಸವೇ ಇದೆ. ಮುಂದೆ ಹುಟ್ಟುವ ವಸ್ತು ಆ ಸ್ಟ್ರಿಂಗ್ ಮೇಲೇ ಕೂರುತ್ತದೆ. ಆದ್ದರಿಂದ ಕಾಲ್‌ಗೆ ಮುಂಚೆ ಅದನ್ನು ಮೆಮೊರಿಗೆ ಬರೆದು, ಆಮೇಲೆ ಮತ್ತೆ ಅಲ್ಲಿಂದ ಓದಿಕೊಳ್ಳುವ ಒಂದು ಪುಟ್ಟ ಅಸೆಂಬ್ಲಿ ತುಂಡು ಬೇಕು. ಸೈನ್ ಥರದ, ಹೀಪ್ ಮುಟ್ಟದ ಫಂಕ್ಷನ್‌ಗೆ ಈ ಖರ್ಚು ಬೇಡ. ಒಕ್ಯಾಮಲ್‌ನಲ್ಲಿ ಅದಕ್ಕೆ ನೋಅಲೊಕ್ ಅಂತ ಗುರುತು ಹಾಕುತ್ತಾರೆ. ಅದೂ ನಾವೇ ಕೊಡುವ ಮಾತು, ಪರೀಕ್ಷಿಸುವವರು ಯಾರೂ ಇಲ್ಲ.

ಹ್ಯಾಸ್ಕೆಲ್ ಭಾಷೆಯಲ್ಲಿ ಸಿ ಕಾಲ್‌ಗೆ ಹಾಕುವ ಸೇಫ್, ಅನ್‌ಸೇಫ್ ಗುರುತು ಕೂಡ ಇದೇ ಜಾತಿಗೆ ಸೇರಿದ್ದು. ಅನ್‌ಸೇಫ್ ಕಾಲ್ ಅಗ್ಗ, ಆದರೆ ಅದು ನಿಧಾನವಾದರೆ ಬೇರೆ ಥ್ರೆಡ್‌ಗಳೂ (ಜೊತೆಜೊತೆಗೆ ಓಡುವ ಕೆಲಸಗಳು) ಗಾರ್ಬೇಜ್ ಕಲೆಕ್ಷನ್‌ಗೆ ಅದರ ದಾರಿ ಕಾಯುತ್ತಾ ನಿಲ್ಲಬೇಕಾಗುತ್ತದೆ. ಹೆಸರು ನೋಡಿ ಅಪಾಯ ಅಂದರೆ ಕ್ರ್ಯಾಶ್ ಮಾತ್ರ ಅಂದುಕೊಳ್ಳುವವರು ಬಹಳ. ಎರ್ಲಾಂಗ್ ಭಾಷೆಯವರು ಇನ್ನೂ ನೇರ: ನೇಟಿವ್ (ಸಿ ಥರದ ಭಾಷೆಯಲ್ಲಿ ಬರೆದ) ಫಂಕ್ಷನ್ ಸುಮಾರು 1 ಮಿಲಿಸೆಕೆಂಡ್ ಒಳಗೆ ವಾಪಸ್ ಬರಬೇಕು, ಇಲ್ಲದಿದ್ದರೆ ಉದ್ದನೆಯ ಕೆಲಸಗಳಿಗಿರುವ ಡರ್ಟಿ ಶೆಡ್ಯೂಲರ್‌ಗೆ ಕಳಿಸಿ ಅನ್ನುತ್ತಾರೆ. ನನ್ನದಕ್ಕೆ ಸದ್ಯ ಒಂದೇ ಥ್ರೆಡ್, ಬಚಾವ್.

ಕಾಲ್‌ಬ್ಯಾಕ್ (ಸಿ ತಿರುಗಿ ನನ್ನ ಭಾಷೆಯ ಫಂಕ್ಷನನ್ನು ಕರೆಯುವುದು) ಅರ್ಧಕ್ಕೆ ನಿಂತಿದೆ. ನನ್ನ ಭಾಷೆಯ ಫಂಕ್ಷನ್ ಅಂದ್ರೆ ಕ್ಲೋಷರ್: ಕೋಡ್‌ನ ವಿಳಾಸ, ಜೊತೆಗೆ ಅದು ಹಿಡಿದಿಟ್ಟುಕೊಂಡ ವೇರಿಯಬಲ್‌ಗಳು. ಸಿಯ ಫಂಕ್ಷನ್ ಪಾಯಿಂಟರ್ ಅಂದ್ರೆ ಬರೀ ವಿಳಾಸ. ಸಿಯ ವಿಂಗಡಣೆ ಫಂಕ್ಷನ್ ಕ್ಯೂಸಾರ್ಟ್‌ಗೆ ಕ್ಲೋಷರ್ ಕೊಡೋಣ ಅಂದರೆ, ವೇರಿಯಬಲ್‌ಗಳನ್ನು ಕಳಿಸೋಕೆ ಅದರಲ್ಲಿ ಜಾಗವೇ ಇಲ್ಲ. ಕ್ಯೂಸಾರ್ಟ್_ಆರ್‌ನಲ್ಲಿ ಇದೆ, ಆದರೆ ಹೋಲಿಸುವ ಫಂಕ್ಷನ್‌ಗೆ ಆ ಹೆಚ್ಚಿನ ಆರ್ಗ್ಯುಮೆಂಟ್ (ಕರೆಯುವಾಗ ಕೊಡುವ ಬೆಲೆ) ಲಿನಕ್ಸ್‌ನ ಸಿ ಲೈಬ್ರರಿ ಗ್ಲಿಬ್‌ಸಿಯಲ್ಲಿ ಕೊನೆಗೆ ಬರುತ್ತದೆ, ಮ್ಯಾಕ್‌ಓಎಸ್‌ನಲ್ಲಿ ಮೊದಲು. ಯಾರಿಗೆ ಹೇಳೋಣ! ಹ್ಯಾಸ್ಕೆಲ್ ಪ್ರತಿ ಕ್ಲೋಷರ್‌ಗೂ ಓಡುವಾಗಲೇ ಒಂದು ಪುಟ್ಟ ಸಿ-ಫಂಕ್ಷನ್ ಹುಟ್ಟಿಸಿಕೊಡುತ್ತದೆ, ಕೆಲಸ ಮುಗಿದ ಮೇಲೆ ನಾವೇ ಅದನ್ನು ಫ್ರೀ ಮಾಡಬೇಕು. ಅಷ್ಟು ದೂರ ನಾನು ಹೋಗಲ್ಲ. ಹೆಚ್ಚಿನ ಪಾಯಿಂಟರ್‌ಗೆ ಜಾಗ ಇರುವ ಸಿ ಲೈಬ್ರರಿಗಳಿಗೆ ಮಾತ್ರ ಕಾಲ್‌ಬ್ಯಾಕ್. ಅದರೊಳಗೆ ಎಕ್ಸೆಪ್ಷನ್ (ತಪ್ಪಿನ ಸೂಚನೆ) ಎದ್ದರೆ ಗಡಿಯಲ್ಲೇ ಹಿಡಿದು ಎರರ್ ಕೋಡ್ ಆಗಿ ಕೊಡಬೇಕು. ಸಿ ಫ್ರೇಮ್‌ಗಳನ್ನು (ಸ್ಟ್ಯಾಕ್‌ನಲ್ಲಿ ಇನ್ನೂ ಮುಗಿಯದ ಸಿ ಕಾಲ್‌ಗಳನ್ನು) ಹಾರಿ ಹೋದರೆ ಅವು ಹಿಡಿದ ಲಾಕ್ ಬಿಡುವವರು ಯಾರು?

ಪ್ರಿಂಟ್ಎಫ್ ಥರದ, ಎಷ್ಟು ಬೇಕಾದರೂ ಆರ್ಗ್ಯುಮೆಂಟ್ ತಗೊಳ್ಳುವ ಫಂಕ್ಷನ್‌ಗಳನ್ನು ನೇರವಾಗಿ ಕರೆಯಲು ಬಿಡುವುದಿಲ್ಲ. ಆಪಲ್‌ನ ಎಆರ್‌ಎಂ64 ಪ್ರೊಸೆಸರ್‌ಗಳಲ್ಲಿ ಆ ಹೆಚ್ಚುವರಿ ಆರ್ಗ್ಯುಮೆಂಟ್‌ಗಳು ರಿಜಿಸ್ಟರ್ ಬಿಟ್ಟು ಸ್ಟ್ಯಾಕ್‌ನಲ್ಲಿ ಹೋಗುತ್ತವೆ, ಸಾಮಾನ್ಯ ಕಾಲ್ ಮಾಡಿದರೆ ಕಸ ಅಚ್ಚಾಗುತ್ತದೆ. ಬೇಕಾದವರು ಸಿಯಲ್ಲೇ ಅದನ್ನು ಸುತ್ತಿ ಕರೆಯುವ ಮೂರು ಸಾಲಿನ ರ‍್ಯಾಪರ್ ಬರೆದುಕೊಳ್ಳಲಿ. ಮ್ಯಾಕ್ರೋಗಳಿಗೂ ಅದೇ ಮದ್ದು, ಲೈಬ್ರರಿಯಲ್ಲಿ ಅವುಗಳ ಹೆಸರೇ ಇರುವುದಿಲ್ಲ.

ಕೊನೆಗೆ ಉಳಿದಿದ್ದು ಪ್ಯೂರ್ ಪ್ರಶ್ನೆ: ಒಂದೇ ಇನ್‌ಪುಟ್‌ಗೆ ಯಾವಾಗಲೂ ಒಂದೇ ಉತ್ತರ ಕೊಟ್ಟು, ಬೇರೇನೂ ಬದಲಿಸದ ಫಂಕ್ಷನ್ ಯಾವುದು ಅಂತ. ಹ್ಯಾಸ್ಕೆಲ್‌ನಲ್ಲಿ ಐಒ (ಸೈಡ್ ಎಫೆಕ್ಟ್, ಅಂದರೆ ಹೊರಗಿನ ಪರಿಣಾಮ ಇದೆ ಅನ್ನುವ ಗುರುತು) ಇಲ್ಲದ ಟೈಪ್ ಕೊಟ್ಟು, ಸಿಯಲ್ಲಿ ಯಾದೃಚ್ಛಿಕ ಸಂಖ್ಯೆ ಕೊಡುವ ರ‍್ಯಾಂಡ್ ಆಮದು ಮಾಡಿಕೊಂಡರೆ ಕಂಪೈಲರ್ ಒಂದೇ ಸಲ ಕರೆದು, ಅದೇ ಸಂಖ್ಯೆಯನ್ನು ಎಲ್ಲ ಕಡೆ ಬಳಸಬಹುದು. ನಾವು ಹೇಳಿದ್ದನ್ನು ನಂಬಿದೆ ಅಷ್ಟೇ. ನನ್ನ ಭಾಷೆಯಲ್ಲಿ ಎಕ್ಸ್‌ಟರ್ನಲ್ ಅಂದರೆ ಸೈಡ್ ಎಫೆಕ್ಟ್ ಇದೆ ಅಂತಲೇ ಲೆಕ್ಕ. ಇಲ್ಲ ಅನ್ನುವವರು ಪ್ಯೂರ್ ಅಂತ ಕೈಯಾರೆ ಬರೆಯಬೇಕು. ಕೋಡ್ ಓದುವ ಪಾರ್ಸರ್‌ಗೆ ಆ ಪದ ಸೇರಿಸಿ ಕಮಿಟ್ ಮಾಡಿದೆ. ಕೋಡನ್ನು ಚುರುಕುಗೊಳಿಸುವ ಆಪ್ಟಿಮೈಸರ್ ಇನ್ನೂ ಅದನ್ನು ನೋಡುತ್ತಿಲ್ಲ, ನಾಳೆ ಅದು.