ರೇಷ್ಮೆ ರಿಬ್ಬನ್ನಿನ ತುದಿಗೆ ಬೆಂಕಿ ತೋರಿಸಬೇಡಿ

ನಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ಎಂದರೆ ಗೂಡಿನ ಮಾರುಕಟ್ಟೆ, ನೂಲು ಬಿಚ್ಚಾಣಿಕೆ, ದರದ ಮಾತು. ನನ್ನ ಕೆಲಸ ಮಾತ್ರ ಅದೇ ರೇಷ್ಮೆಯ ರಿಬ್ಬನ್ನಿಗೆ ಮಣಿ ಪೋಣಿಸಿ ಸರ ಮಾಡುವುದು. ಕಲಿಯಲು ಬರುವ ಹುಡುಗಿಯರು ಹೆಚ್ಚಾಗಿ ಕೇಳುವುದು ಇದನ್ನೇ: "ಅಕ್ಕಾ, ತುದಿಯಲ್ಲಿ ಎಳೆ ಬಿಡುತ್ತಿದೆ, ಮೇಣದಬತ್ತಿಗೆ ಹಿಡಿಯಲೇ?"

ಹಿಡಿಯಬಾರದು. ಪಾಲಿಯೆಸ್ಟರ್ ರಿಬ್ಬನ್ ಬಿಸಿಗೆ ಕರಗಿ ಅಂಚು ಮುಚ್ಚಿಕೊಳ್ಳುತ್ತದೆ. ರೇಷ್ಮೆ ಪ್ರೋಟೀನಿನ ನೂಲು, ಕರಗುವುದಿಲ್ಲ. ಕೂದಲು ಸುಟ್ಟ ವಾಸನೆ ಬಂದು ತುದಿ ಕಪ್ಪಾಗುತ್ತದೆ, ಬೆರಳಲ್ಲಿ ಹೊಸಕಿದರೆ ಪುಡಿ ಉದುರುತ್ತದೆ. ಹಾಗಾಗಿ ಬೆಂಕಿಯ ಉಪಯೋಗ ಬೇರೆ ಕಡೆ ಇದೆ: ಹೊಸ ಸುರುಳಿ ಬಂದಾಗ ಒಂದು ಚೂರು ಕತ್ತರಿಸಿ ಸುಟ್ಟು ನೋಡುತ್ತೇನೆ. ಗಟ್ಟಿ ಗುಂಡಾಗಿ ಅಂಟಿಕೊಂಡರೆ ಅದು ರೇಷ್ಮೆಯಲ್ಲ, ರೇಷ್ಮೆಯ ಬೆಲೆ ಕೊಡುವ ಅಗತ್ಯವೂ ಇಲ್ಲ.

ತುದಿಯನ್ನು ಓರೆಯಾಗಿ ಕತ್ತರಿಸಿ, ಬಟ್ಟೆಯ ಅಂಟನ್ನು ತೆಳುವಾಗಿ ಸವರಿ, ಪೂರ್ತಿ ಒಣಗಿದ ಮೇಲೆ ಮಡಚಿ ಹಲ್ಲಿರುವ ಲೋಹದ ಕ್ಲಿಪ್ಪಿನೊಳಗೆ ಇಡುತ್ತೇವೆ. ಇಕ್ಕಳದಿಂದ ಒತ್ತುವಾಗ ನಡುವೆ ಬಟ್ಟೆಯ ತುಂಡು ಇರಲೇಬೇಕು, ಇಲ್ಲವಾದರೆ ಕ್ಲಿಪ್ಪಿನ ಹೊಳಪು ಗೀರುಬೀಳುತ್ತದೆ. ಅವಸರದಲ್ಲಿ ಒಣಗುವ ಮೊದಲೇ ಒತ್ತಿದರೆ ಅಂಟು ಹೊರಗೆ ಹರಿದು ರಿಬ್ಬನ್ನಿನ ಮೇಲೆ ಕಲೆ ಕೂರುತ್ತದೆ, ಆ ಕಲೆ ಹೋಗುವುದಿಲ್ಲ.

ಸರದ ಆಯಸ್ಸನ್ನು ನಿರ್ಧರಿಸುವುದು ಮಣಿಯ ತೂತು. ಗಾಜಿನ ಮಣಿಯ ತೂತಿನ ಅಂಚು ಎಷ್ಟೋ ಬಾರಿ ಹರಿತವಾಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬೇಡದ ರಿಬ್ಬನ್ ತುಂಡೊಂದನ್ನು ತೂರಿಸಿ ನಾಲ್ಕಾರು ಬಾರಿ ಹಿಂದೆ ಮುಂದೆ ಎಳೆಯುತ್ತೇನೆ. ನವಿರಾದ ಎಳೆ ಎದ್ದು ಕಂಡರೆ ಆ ಮಣಿ ತಂತಿಯ ಕೆಲಸಕ್ಕೆ. ಚನ್ನಪಟ್ಟಣದ ಅರಗು ಬಣ್ಣದ ಮರದ ಮಣಿಗಳಲ್ಲಿ ಅಗಲ ತೂತಿನವನ್ನು ಆರಿಸಿಕೊಂಡರೆ ಈ ತೊಂದರೆ ಕಡಿಮೆ, ಹಗುರವೂ ಹೌದು. ರಿಬ್ಬನ್ ತೂರಿಸಲು ತೆಳು ತಂತಿಯನ್ನು ನಡುವೆ ಮಡಚಿ, ಆ ಕುಣಿಕೆಯಲ್ಲಿ ತುದಿ ಸಿಕ್ಕಿಸಿ ಎಳೆಯುವುದೇ ಒಳ್ಳೆಯದು. ಎರಡು ಮಣಿಗಳ ನಡುವೆ ಗಂಟು ಹಾಕುವಾಗ ಸೂಜಿಯ ಮೊನೆಯಿಂದ ಗಂಟನ್ನು ಮಣಿಯ ಬಳಿಗೆ ಸರಿಸಿ, ಆಮೇಲೆ ಬಿಗಿಗೊಳಿಸಬೇಕು. ಗಂಟುಗಳು ರಿಬ್ಬನ್ನನ್ನು ಎಷ್ಟು ನುಂಗುತ್ತವೆ ಎಂಬುದು ಅದರ ಅಗಲದ ಮೇಲೆ ಹೋಗುತ್ತದೆ, ಆದ್ದರಿಂದ ಒಂದೆರಡು ಗಂಟು ಹಾಕಿ ಅಳೆದೇ ಉದ್ದ ಕತ್ತರಿಸುತ್ತೇನೆ.

ಗಾಢ ಕೆಂಪು, ಮರೂನ್ ಬಣ್ಣಗಳನ್ನು ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡದೆ ಬಳಸಬೇಡಿ. ಬೆವರಿಗೆ ಬಣ್ಣ ಬಿಟ್ಟರೆ ಗಿರಾಕಿಯ ಬಿಳಿ ರವಿಕೆ ಹಾಳಾಗುತ್ತದೆ. ಒದ್ದೆಯಾದಾಗ ರೇಷ್ಮೆಯ ಬಲವೂ ಕುಗ್ಗುತ್ತದೆ, ಸ್ನಾನಕ್ಕೆ ಮೊದಲು ಸರ ತೆಗೆದಿಡಿ ಎಂದು ಪ್ರತಿ ಗಿರಾಕಿಗೂ ಹೇಳುತ್ತೇನೆ. ರಿಪೇರಿಗೆ ಬಂದ ಸರದಲ್ಲಿ ಒಂದೇ ಕಡೆ ಸವೆದಿದ್ದರೂ ರಿಬ್ಬನ್ನನ್ನು ಪೂರ್ತಿ ಬದಲಿಸುತ್ತೇನೆ, ಮಣಿಗಳನ್ನು ತೊಳೆದು ಒರೆಸಿ ಮತ್ತೆ ಪೋಣಿಸಿ ಕೊಡುತ್ತೇನೆ.