ಹಕ್ಕಿ ಮೇಷ್ಟ್ರ ನೋಟ್‌ಬುಕ್ಕು

ನಮ್ಮ ವಿಜ್ಞಾನದ ಮೇಷ್ಟ್ರು ತೀರಿಕೊಂಡಾಗ ನಾನು ಆಫೀಸಿನ ಕೆಲಸದ ಮೇಲೆ ಬೇರೆ ರಾಜ್ಯದಲ್ಲಿದ್ದೆ. ಮಣ್ಣಿಗೆ ಹೋಗಲಾಗಲಿಲ್ಲ. ಮೂರು ತಿಂಗಳಾದ ಮೇಲೆ ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಯಲ್ಲೇ ಒಂದು ಸಭೆ ಮಾಡಿದರು. ಅದಕ್ಕೆ ಹೋದೆ. ಮೇಷ್ಟ್ರ ಮಗಳು ಒಂದು ತಗಡಿನ ಟ್ರಂಕು ತಂದಿದ್ದರು. ಮುಚ್ಚಳ ತೆಗೆದರೆ ಬರೀ ನೋಟ್‌ಬುಕ್ಕುಗಳು. ಎಣಿಸಿದೆವು, 34 ಇದ್ದವು. ಎಲ್ಲದರಲ್ಲೂ ಹಕ್ಕಿ. ತಾರೀಖು, ಹೊತ್ತು, ಜಾಗ, ಎಷ್ಟು ಕಂಡವು. ಅಷ್ಟೇ.

"ಇದನ್ನ ಏನು ಮಾಡೋದು ಅಂತ ಗೊತ್ತಾಗ್ತಿಲ್ಲ" ಅಂದರು ಅವರು. ಎಲ್ಲರೂ ನನ್ನ ಕಡೆ ತಿರುಗಿದರು. ನಮ್ಮ ಬ್ಯಾಚಿನಲ್ಲಿ ಈಗಲೂ ಹಕ್ಕಿ ನೋಡುವವನು ನಾನೊಬ್ಬನೇ. ಇ-ಬರ್ಡ್ ಎಂಬ ಜಾಲತಾಣದಲ್ಲಿ ಹಕ್ಕಿ ನೋಡುವವರು ತಮ್ಮ ಪಟ್ಟಿಗಳನ್ನು ಹಾಕುತ್ತಾರೆ. ಹಳೆಯ ಕಾಲದ ದಾಖಲೆಗಳನ್ನೂ ಅಲ್ಲಿ ಏರಿಸಬಹುದು. ನನ್ನವೇ ಸಾವಿರದ ಇನ್ನೂರು ಪಟ್ಟಿಗಳು ಅಲ್ಲಿವೆ. ಹೇಳಿಕೊಳ್ಳಬಾರದು, ಆದರೂ ಬಾಯಿಗೆ ಬಂತು. ಟ್ರಂಕು ನನ್ನ ಕಾರಿಗೆ ಬಂತು.

ನಾನು 9ನೇ ತರಗತಿಗೆ ಬಂದದ್ದು 1988ರಲ್ಲಿ. ನಮ್ಮ ಕೋಣೆಗೆ ಮೂರು ಕಿಟಕಿ. ಮೇಷ್ಟ್ರು ಪಾಠ ಮಾಡುತ್ತಿದ್ದದ್ದು ಬೋರ್ಡಿಗೆ ಬೆನ್ನು ಕೊಟ್ಟು, ಮಧ್ಯದ ಕಿಟಕಿಗೆ ಕಿವಿ ಕೊಟ್ಟು. ಒಂದು ದಿನ ಆವರ್ತನ ಅಂದರೇನು ಅಂತ ಹೇಳುತ್ತಿದ್ದರು. ನಮಗಾರಿಗೂ ತಲೆಗೆ ಹೋಗಲಿಲ್ಲ. ಅಷ್ಟರಲ್ಲಿ ಹೊರಗೆ ಕಂಚುಗಾರ ಹಕ್ಕಿ ಟುಕ್ ಟುಕ್ ಟುಕ್ ಅಂತ ಶುರುಮಾಡಿತು. "ಯಾರ ಹತ್ರ ವಾಚಿದೆಯೋ?" ಅಂದರು. ವಾಚಿದ್ದವನು ನಿಮಿಷ ನೋಡಿದ, ನಾವೆಲ್ಲ ಎಣಿಸಿದೆವು. ನೂರರ ಮೇಲಾಯಿತು. ಒಬ್ಬೊಬ್ಬರದು ಒಂದೊಂದು ಲೆಕ್ಕ. "ಇದೇ ಆವರ್ತನ, ಬರ್ಕೊಳ್ಳಿ" ಅಂದರು. ಆ ವರ್ಷದ ಸಿಲೆಬಸ್ಸಿನಲ್ಲಿ ನನಗೆ ನೆನಪಿರುವುದು ಇದೊಂದೇ.

ಬೋರ್ಡಿನ ಬಲಮೂಲೆಯಲ್ಲಿ ಒಂದು ಚೌಕ. ಅದನ್ನು ಯಾರೂ ಒರೆಸುವಂತಿರಲಿಲ್ಲ. ಅದರಲ್ಲಿ ಆ ವರ್ಷ ಕುಂಡೆಕುಸ್ಕ ಮೊದಲು ಕಂಡ ತಾರೀಖು ಇರುತ್ತಿತ್ತು. ಹಳದಿ ಹೊಟ್ಟೆ, ಬೂದು ಬೆನ್ನಿನ ಹಕ್ಕಿ. ಹಿಮಾಲಯದ ಕಡೆಯಿಂದ ಚಳಿಗಾಲಕ್ಕೆ ಇಲ್ಲಿಗೆ ಬರುತ್ತದೆ, ನಿಂತಲ್ಲೇ ಬಾಲ ಕುಣಿಸುತ್ತಿರುತ್ತದೆ. ಹೆಸರು ಕೇಳಿದ ಕೂಡಲೇ ಇಡೀ ತರಗತಿ ಕಿಸಕ್ಕನೆ ನಗುತ್ತಿತ್ತು. ಮೇಷ್ಟ್ರು ನಗು ಮುಗಿಯುವ ತನಕ ಕಾಯುತ್ತಿದ್ದರು. ಆಮೇಲೆ ಇನ್ನೊಂದು ಸಲ ಅದೇ ಹೆಸರು, ಗಟ್ಟಿಯಾಗಿ. ಮತ್ತೆ ನಗು. ಅವರಿಗೂ ಅದು ಬೇಕಿತ್ತು ಅಂತ ನನಗೆ ಈಗ ಅನ್ನಿಸುತ್ತದೆ.

ಒಂದು ದುರ್ಬೀನಿತ್ತು. ಬಲಗಣ್ಣಿನ ಗಾಜು ಮಂಜು ಕಟ್ಟಿದಂತೆ ಮಸುಕು. ಒಬ್ಬೊಬ್ಬರಿಗೆ ಇಪ್ಪತ್ತು ಎಣಿಸುವಷ್ಟು ಹೊತ್ತು ಸಿಗುತ್ತಿತ್ತು. ಹದಿನೈದು ಹೋಗುವುದು ಹಕ್ಕಿ ಹುಡುಕುವುದರಲ್ಲೇ. ಉಳಿದ ಐದರಲ್ಲಿ ಕಂಡ ಮಿಂಚುಳ್ಳಿಯ ನೀಲಿ ಇವತ್ತಿಗೂ ಕಣ್ಣಲ್ಲಿದೆ. ಈಗ ನನ್ನ ಹತ್ತಿರ ಇರುವುದು ಬಹಳ ಒಳ್ಳೆಯ ದುರ್ಬೀನು. ಅದರಲ್ಲಿ ಆ ನೀಲಿ ಸಿಕ್ಕಿಲ್ಲ.

ಗೀಜಗನ ಗೂಡಿನ ಕತೆ ಹೇಳಲೇಬೇಕು. ಗೀಜಗ ಗೂಡಿನೊಳಗೆ ಹಸಿಮಣ್ಣು ಮೆತ್ತಿ, ಅದಕ್ಕೆ ಮಿಂಚುಹುಳು ಅಂಟಿಸಿ ದೀಪ ಮಾಡಿಕೊಳ್ಳುತ್ತದೆ ಅಂತ ನಮ್ಮ ಅಜ್ಜಿ ಹೇಳಿದ್ದರು. ನಾನು ಅದನ್ನೇ ಎದ್ದು ನಿಂತು ಹೇಳಿದೆ. ಮೇಷ್ಟ್ರು ಹೌದು ಅನ್ನಲಿಲ್ಲ, ಸುಳ್ಳು ಅಂತಲೂ ಅನ್ನಲಿಲ್ಲ. ಮಳೆಗಾಲ ಮುಗಿದ ಮೇಲೆ ಬಾವಿಯ ಪಕ್ಕ ಬಿದ್ದಿದ್ದ ಹನ್ನೊಂದು ಹಳೆಯ ಗೂಡು ಆರಿಸಿ ತಂದರು. ಅರ್ಧಂಬರ್ಧ ಹೆಣೆದವೂ ಇದ್ದವು. ಗಂಡು ಅರ್ಧ ಹೆಣೆದು ಕಾಯುತ್ತದೆ, ಹೆಣ್ಣು ಬಂದು ನೋಡಿ ಒಪ್ಪಿದರೆ ಮಿಕ್ಕಿದ್ದನ್ನು ಮುಗಿಸುತ್ತದೆ. ಒಪ್ಪದಿದ್ದರೆ ಅದು ಹಾಗೇ ನೇತಾಡುತ್ತದೆ. ಬ್ಲೇಡಿನಲ್ಲಿ ಒಂದೊಂದೇ ಗೂಡು ಸೀಳಿದೆವು. ಮಣ್ಣು ಸಿಕ್ಕಿತು. ಅಜ್ಜಿ ಅಷ್ಟರ ಮಟ್ಟಿಗೆ ಸರಿ. ಹುಳ ಒಂದರಲ್ಲೂ ಇರಲಿಲ್ಲ.

"ಮತ್ತೆ ಮಣ್ಣು ಯಾಕೆ ಸಾರ್?"

"ಗಾಳಿಗೆ ಗೂಡು ಜಾಸ್ತಿ ತೂಗಾಡದೇ ಇರಲಿ ಅಂತ ಇರಬಹುದು. ನಾನು ಗೀಜಗನ್ನ ಕೇಳಿಲ್ಲ. ನೀನು ಕಂಡದ್ದನ್ನ ಬರಿ. ಕಾಣಬೇಕಾಗಿದ್ದನ್ನ ಬರೀಬೇಡ."

ಮನೆಗೆ ಹೋಗಿ ಅಜ್ಜಿಗೆ ಹೇಳಿದೆ. "ಬೆಳಗಾದ ಮೇಲೆ ಹುಳ ಹಾರಿಹೋಗಲ್ವಾ, ದಡ್ಡ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಕ್ಕಿಗೆ ಕಲ್ಲು ಹೊಡೆದವನನ್ನು ಅವರು ಹೊಡೆಯುತ್ತಿರಲಿಲ್ಲ. ನಮ್ಮ ತರಗತಿಯ ಒಬ್ಬ ಚಾಟರಬಿಲ್ಲಿನಿಂದ ಪಿಕಳಾರವೊಂದನ್ನು ಬೀಳಿಸಿದ್ದ. ಅವನನ್ನು ಕೂರಿಸಿಕೊಂಡು ಪಕ್ಷಿತಜ್ಞ ಸಲೀಂ ಅಲಿಯ ವಿಷಯ ಹೇಳಿದರು. ಅದರ ಹಿಂದಿನ ವರ್ಷವಷ್ಟೇ, 1987ರಲ್ಲಿ ಅವರು ತೀರಿಕೊಂಡಿದ್ದರು. ಅವರೂ ಹುಡುಗನಾಗಿದ್ದಾಗ ಗುಬ್ಬಿ ಹೊಡೆದವರೇ. ಕೊರಳಲ್ಲಿ ಹಳದಿ ಮಚ್ಚೆ ಇದ್ದ ಆ ಗುಬ್ಬಿ ಯಾವುದು ಅಂತ ಕೇಳಿಕೊಂಡು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲಿಗೆ ಹೋದರು, ಅಲ್ಲಿಂದ ಅವರ ಬದುಕೇ ಬದಲಾಯಿತು. "ನೀನೂ ಹೊಡೆದಿದ್ದೀಯ. ಈಗ ಅದರ ವಿಷಯ ಎಲ್ಲ ತಿಳ್ಕೊಂಡು ಬಾ" ಅಂದರು. ಅವನು ಒಂದು ವಾರ ಪಿಕಳಾರಗಳ ಹಿಂದೆ ಅಲೆದ. ಹೊಡೆತವೇ ವಾಸಿ ಅಂತ ಆಮೇಲೆ ನಮ್ಮ ಹತ್ತಿರ ಹೇಳಿದ.

ರಂಗನತಿಟ್ಟಿಗೆ ಒಂದು ಸಲ ಕರೆದುಕೊಂಡು ಹೋಗಿದ್ದರು. ಕಾವೇರಿಯ ನಡುಗಡ್ಡೆಗಳ ತುಂಬ ಗೂಡು. ಆ ಜಾಗ 1940ರಲ್ಲಿ ಪಕ್ಷಿಧಾಮ ಆದದ್ದೂ ಸಲೀಂ ಅಲಿ ಮಹಾರಾಜರಿಗೆ ಹೇಳಿದ್ದರಿಂದಲೇ ಅಂತ ದೋಣಿಯಲ್ಲಿ ಹೇಳುತ್ತಿದ್ದರು. ನಮ್ಮ ಗಮನವೆಲ್ಲ ಬಂಡೆಯ ಮೇಲಿನ ಮೊಸಳೆಗಳ ಮೇಲೆ. ಬಾಯ್ಕಳಕದ ಕೊಕ್ಕಿನ ನಡುವಿನ ಸಂದು ತೋರಿಸಿ, ಅದು ನೀರಿನ ಬಸವನಹುಳು ಹಿಡಿದು ತಿನ್ನುವ ರೀತಿಯನ್ನು ಕೈಯಲ್ಲೇ ಮಾಡಿ ತೋರಿಸಿದರು. ನಾವು ಮೊಸಳೆ ಎಣಿಸುತ್ತಿದ್ದೆವು.

ಇನ್ನು ಕೋಗಿಲೆ. ಸ್ಟಾಫ್ ರೂಮಿನಲ್ಲಿ ಕನ್ನಡ ಪಂಡಿತರಿಗೂ ನಮ್ಮ ಮೇಷ್ಟ್ರಿಗೂ ಕೋಗಿಲೆಯ ವಿಷಯದಲ್ಲಿ ಯಾವಾಗಲೂ ಜಟಾಪಟಿ. ಪಂಡಿತರ ಪಾಠದಲ್ಲಿ ಕೋಗಿಲೆ ಹಾಡುತ್ತಿದ್ದಳು. "ಹಾಡೋದು ಗಂಡು ಸ್ವಾಮಿ. ಆ ಕಪ್ಪಗಿರೋದು. ಹೆಣ್ಣಿಗೆ ಕಂದು ಬಣ್ಣ, ಮೈತುಂಬ ಬಿಳಿ ಚುಕ್ಕಿ. ಅದು ಕಿಕ್ ಕಿಕ್ ಅಂತ ಕಿರುಚುತ್ತೆ ಅಷ್ಟೆ" ಅನ್ನುತ್ತಿದ್ದರು ಮೇಷ್ಟ್ರು. "ಸಾವಿರ ವರ್ಷದಿಂದ ಕವಿಗಳು ಹಾಡಿಸಿದ್ದಾರೆ, ನಿಮ್ಮ ಒಂದು ದುರ್ಬೀನಿಗೆ ನಿಲ್ಲಿಸೋಕಾಗುತ್ತಾ?" ಅನ್ನುತ್ತಿದ್ದರು ಪಂಡಿತರು. ಇದನ್ನು ನಾವು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡಿದ್ದೆವು.

ನವೆಂಬರಿನಲ್ಲಿ ವಿಜ್ಞಾನದ ಕಿರುಪರೀಕ್ಷೆ ಬಂತು. ಯಾರೂ ಓದಿರಲಿಲ್ಲ. ಉಪಾಯ ಹೊಳೆದದ್ದು ನನಗೆ. ಈ ಮಾತನ್ನು ನಮ್ಮ ಬ್ಯಾಚಿನಲ್ಲಿ ಕೆಲವರು ಒಪ್ಪುವುದಿಲ್ಲ, ಆದರೆ ಹೊಳೆದದ್ದು ನನಗೇ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ಯಾವ ದನಿಯನ್ನಾದರೂ ಅನುಕರಿಸುತ್ತಿದ್ದ. ಪ್ರಶ್ನೆಪತ್ರಿಕೆ ಹಂಚುವ ಮೊದಲೇ ಇಬ್ಬರೂ ಒಬ್ಬರ ಹಿಂದೊಬ್ಬರು ಒಂದಕ್ಕೆ ಅಂತ ಹೊರಗೆ ಹೋದೆವು. ಸೈಕಲ್ ಸ್ಟ್ಯಾಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತೆವು. ಅವನು ಶುರುಮಾಡಿದ. ಕುಹೂ. ಕುಹೂ. ಒಂದಕ್ಕಿಂತ ಒಂದು ಏರುತ್ತಾ.

ಮೇಷ್ಟ್ರು ಪತ್ರಿಕೆಗಳ ಕಟ್ಟನ್ನು ಹಿಡಿದುಕೊಂಡೇ ಕಿಟಕಿಗೆ ಬಂದರು. ತಲೆ ಓರೆ ಮಾಡಿ ಕೇಳಿದರು. ಜೇಬಿನಿಂದ ನೋಟ್‌ಬುಕ್ಕು ತೆಗೆದು ಏನೋ ಬರೆದರು. ಆಮೇಲೆ ಕಟ್ಟನ್ನು ಮೇಜಿನ ಮೇಲಿಟ್ಟು, ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುವ ಕತೆ ಎತ್ತಿಕೊಂಡರು. ಗಂಟೆ ಹೊಡೆಯುವ ತನಕ ಅದೇ. ಪರೀಕ್ಷೆ ಸೋಮವಾರಕ್ಕೆ ಹೋಯಿತು. ಅವತ್ತು ನಾವಿಬ್ಬರೂ ಶಾಲೆಗೇ ಹೀರೋಗಳು.

ಸೋಮವಾರದ ಪತ್ರಿಕೆಯ ಮೊದಲ ಪ್ರಶ್ನೆ: ಕೋಗಿಲೆ ಯಾವ ತಿಂಗಳುಗಳಲ್ಲಿ ಕೂಗುತ್ತದೆ? ಯಾಕೆ? ನನ್ನ ಗೆಳೆಯ ಧೈರ್ಯವಾಗಿ ನವೆಂಬರ್ ಅಂತ ಬರೆದ. ಸೊನ್ನೆ ಬಂತು. ಕಾಗೆ ಗೂಡು ಕಟ್ಟುವ ಕಾಲಕ್ಕೆ, ಬೇಸಿಗೆಯ ಆಸುಪಾಸಿನಲ್ಲಿ ಅದು ಜೋರಾಗಿ ಕೂಗುವುದು. ಚಳಿಗಾಲದಲ್ಲಿ ಹೆಚ್ಚಾಗಿ ಸುಮ್ನೆ ಇರುತ್ತದೆ. ಮೇಷ್ಟ್ರು ನಮ್ಮನ್ನು ಕರೆದು ಕೇಳಲಿಲ್ಲ, ಬೈಯಲೂ ಇಲ್ಲ. ಅವರಿಗೆ ಗೊತ್ತಾಗಿತ್ತೋ ಇಲ್ಲವೋ ಎಂದು ನಾವಿಬ್ಬರೂ ಮೂವತ್ತೈದು ವರ್ಷ ವಾದ ಮಾಡಿದ್ದೇವೆ. ಮೇಷ್ಟ್ರು ಹಕ್ಕಿಯ ಗುಂಗಿನಲ್ಲಿ ಮೋಸಹೋದರು ಎಂಬುದು ನನ್ನ ವಾದ.

ಸಭೆಯ ದಿನ ಆ ಕೋಣೆಗೆ ಹೋಗಿದ್ದೆ. ಸ್ಮಾರ್ಟ್ ಬೋರ್ಡಿನ ಮೇಲೆ ಬೆಳಕು ಬೀಳುತ್ತದೆ ಅಂತ ಮಧ್ಯದ ಕಿಟಕಿಗೆ ಪರದೆ ಹಾಕಿದ್ದಾರೆ. ಮಕ್ಕಳು ಚುರುಕಾಗಿದ್ದಾರೆ, ನಮಗಿಂತ ಎಷ್ಟೋ ಜಾಸ್ತಿ ಗೊತ್ತು. ನೇಚರ್ ಕ್ಲಬ್ಬಿದೆ, ಅದಕ್ಕೊಂದು ಬ್ಯಾಡ್ಜಿದೆ. ಹೊರಗೆ ಹೋಗಬೇಕಾದರೆ ಮನೆಯವರ ಸಹಿ ಬೇಕು, ಹಾಗಾಗಿ ಹೋಗುವುದು ಕಡಿಮೆಯಂತೆ. ನಾನು ಬೇರೆಯವರನ್ನು ಆಡಿಕೊಳ್ಳುವ ಹಾಗೂ ಇಲ್ಲ. ನನ್ನ ಮಗಳ 'ನಮ್ಮ ಊರಿನ ಹಕ್ಕಿಗಳು' ಪ್ರಾಜೆಕ್ಟಿಗೆ ರಾತ್ರಿ ಹತ್ತು ಗಂಟೆಗೆ ಚಿತ್ರ ಪ್ರಿಂಟ್ ಹಾಕಿಸಿಕೊಂಡು ಬಂದವನು ನಾನೇ. ಅವಸರದಲ್ಲಿ ಒಂದು ಟೂಕಾನ್ ಸೇರಿಹೋಗಿತ್ತು. ಅದು ಇರುವುದು ಅಮೆರಿಕ ಖಂಡದ ಕಾಡುಗಳಲ್ಲಿ. ಪೂರ್ತಿ ಅಂಕ ಬಂತು.

ಈಗ ದಿನಾ ರಾತ್ರಿ ಒಂದಷ್ಟು ಪುಟ ಕಂಪ್ಯೂಟರಿಗೆ ಏರಿಸುತ್ತೇನೆ. ಕಳೆದ ವಾರ 1988ರ ನವೆಂಬರಿಗೆ ಬಂದೆ. ಪರೀಕ್ಷೆಯ ದಿನದ ಪುಟದಲ್ಲಿ ಪೆನ್ಸಿಲಿನಲ್ಲಿ, ಅದೇ ಪುಟ್ಟ ಅಕ್ಷರದಲ್ಲಿ:

ಗೊರವಂಕ 6. ಕಾಜಾಣ 2. ಮಡಿವಾಳ 1. ಕೋಗಿಲೆ 0. ಸೈಕಲ್ ಸ್ಟ್ಯಾಂಡ್ ಹಿಂದೆ ಹುಡುಗರು 2. ಕೂಗು ಚೆನ್ನಾಗಿದೆ, ತಿಂಗಳು ತಪ್ಪು.

ಗೊರವಂಕ, ಕಾಜಾಣ, ಮಡಿವಾಳ ಏರಿಸಿದೆ. ಹುಡುಗರನ್ನು ಹಾಕಲು ಅದರಲ್ಲಿ ಜಾಗವಿಲ್ಲ. ಪುಟದ ಫೋಟೋ ತೆಗೆದು ಗೆಳೆಯನಿಗೆ ಕಳಿಸಿದೆ. ಅವನು ಈಗ ಪೊಲೀಸ್ ಇಲಾಖೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. ಮಧ್ಯರಾತ್ರಿ ಕಳೆದ ಮೇಲೆ ಉತ್ತರ ಬಂತು.

"ಕೂಗು ಚೆನ್ನಾಗಿದೆ ಅಂತ ಬರೆದಿದ್ದಾರಲ್ಲೋ. ಆ ಪುಟದ ಒಂದು ಜೆರಾಕ್ಸ್ ಕಳಿಸು."